ಮೂರು ಸಲ ಬಿಚ್ಚಿದ ಹೊಲಿಗೆ

ಶಾಲೆಯ ಪ್ಯಾಂಟಿನ ಎಡಗಾಲು ಬಿಗಿ ಎಂದು ಮಗಳು ಹೇಳಿದಾಗ ಟೈಲರಮ್ಮ ಹೊಲಿಗೆ ಬಿಚ್ಚಿ ಅರ್ಧ ಇಂಚು ಸಡಿಲ ಮಾಡಿಕೊಟ್ಟಳು. ಮೂರು ವಾರ ಬಿಟ್ಟು ಇನ್ನೊಂದು ಅರ್ಧ ಇಂಚು. ಮೂರನೇ ಸಲಕ್ಕೆ ಒಳಗೆ ಮಡಚಿದ್ದ ಬಟ್ಟೆಯೇ ಮುಗಿದಿತ್ತು. ಅದೇ ಬಣ್ಣದ ಪಟ್ಟಿಯೊಂದನ್ನು ಹುಡುಕಿ ಪಕ್ಕಕ್ಕೆ ಜೋಡಿಸಿದಳು. ಎಷ್ಟು ನಾಜೂಕಾಗಿ ಜೋಡಿಸಿದಳೆಂದರೆ, ನೋಡಿದವರಿಗೆ ಎರಡು ಕಾಲೂ ಒಂದೇ ಸಮ ಕಾಣುತ್ತಿದ್ದವು.

ಹದಿನೆಂಟು ವರ್ಷದಿಂದ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತವಳು ಅವಳು. ಒಂದು ಹೆಗಲು ತಗ್ಗಿದವರು, ಬೆನ್ನು ಬಾಗಿದವರು, ಹೊಟ್ಟೆ ಬಂದವರು, ಎಲ್ಲರಿಗೂ ಕುಂದು ಕಾಣದ ಹಾಗೆ ಬಟ್ಟೆ ಹೊಂದಿಸಿಕೊಡುವುದೇ ಕಸುಬು. ಮುಚ್ಚುವುದು ಕೈಗೆ ರೂಢಿಯಾಗಿಬಿಟ್ಟಿತ್ತು. ಮಗಳ ಮೊಣಕಾಲಿಗೂ ಕೈ ಅದನ್ನೇ ಮಾಡಿತು.

ಮಗಳಿಗೆ ಹದಿನಾಲ್ಕು. ಉದ್ದ ಕಾಲಿನವಳು, ಮೆಟ್ಟಿಲು ಎರಡೆರಡು ಹಾರುವವಳು. ಮನೆಯಲ್ಲಿ ಎಲ್ಲರೂ ಕರೆಯುತ್ತಿದ್ದುದು ಮಿಡತೆ ಎಂದು. ಮೊಣಕಾಲಿನ ಸ್ವಲ್ಪ ಮೇಲೆ ನೋವು ಶುರುವಾಗಿ ಎರಡು ತಿಂಗಳಾಗಿತ್ತು. ಅದಕ್ಕೆ ಮುಂಚೆ ಶಾಲೆಯಲ್ಲಿ ಒಮ್ಮೆ ಜಾರಿ ಬಿದ್ದಿದ್ದಳು. ಅದರದ್ದೇ ನೋವು ಎಂದು ಎಲ್ಲರೂ ತೀರ್ಮಾನ ಮಾಡಿದರು. "ಬೆಳೆಯೋ ವಯಸ್ಸು, ಮೂಳೆ ಎಳೆಯುತ್ತೆ" ಎಂದು ಟೈಲರಮ್ಮನ ಅತ್ತೆ ದಿನಾ ಮುಲಾಮು ಹಚ್ಚಿ ತಿಕ್ಕುತ್ತಿದ್ದಳು.

"ಅಜ್ಜೀ, ಇದು ಕಾಲು. ತಳ ಹಿಡಿದ ಪಾತ್ರೆ ಅಲ್ಲ."

"ಸುಮ್ನಿರೇ ಮಿಡತೆ. ನಿಮ್ಮಪ್ಪನ್ನ ನೆಟ್ಟಗೆ ನಿಲ್ಲಿಸಿದ್ದು ಈ ಕೈಯೇ."

ತಿಕ್ಕಿದಷ್ಟೂ ನೋವು ಏರುತ್ತಿತ್ತು. ಮಿಡತೆ ಈಗ ಗೋಡೆ ಹಿಡಿದು ಮೆಟ್ಟಿಲಿಳಿಯುತ್ತಿದ್ದಳು.

ಎದುರುಮನೆಯ ನರ್ಸ್ ತನ್ನ ಬಿಳಿ ಕೋಟಿನ ತೋಳು ಕಿರಿದು ಮಾಡಿಸಲು ಬಂದಿದ್ದು ಅಂಥ ಒಂದು ಮಧ್ಯಾಹ್ನ. ಮೇಜಿನ ಮೇಲಿದ್ದ ಪ್ಯಾಂಟನ್ನು ತಿರುಗಿಸಿ ನೋಡಿದಳು.

"ಅಕ್ಕಾ, ಒಂದೇ ಕಾಲಿಗೆ ಪಟ್ಟಿ ಯಾಕೆ?"

"ಬೆಳೀತಿದಾಳಲ್ಲ."

"ಒಂದೇ ಕಾಲು ಬೆಳೆಯುತ್ತಾ? ಅಳತೆ ಟೇಪು ಕೊಡಿ ಇಲ್ಲಿ."

ಎರಡೂ ಕಾಲಿನ ಸುತ್ತಳತೆ ತೆಗೆದಳು. ಎಡಗಾಲು ಒಂದೂವರೆ ಇಂಚು ಹೆಚ್ಚು. ಊತದ ಮೇಲೆ ಕೈ ಇಟ್ಟು, "ಮಲಗಿದಾಗಲೂ ನೋಯುತ್ತೇನಮ್ಮಾ?" ಎಂದು ಕೇಳಿದಳು.

"ಮಲಗಿದಾಗಲೇ ಜಾಸ್ತಿ ಆಂಟಿ. ಎಚ್ಚರ ಆಗಿಬಿಡುತ್ತೆ."

ನರ್ಸ್ ಕೋಟಿನ ವಿಷಯ ಮರೆತಳು. "ತಿಕ್ಕೋದು ಇವತ್ತಿಗೇ ಸಾಕು. ನಾಳೆ ಎಕ್ಸ್‌ರೇ ತೆಗೆಸಿ. ನಾಡಿದ್ದು ಅಲ್ಲ, ನಾಳೆ."

ಎಕ್ಸ್‌ರೇ ನೋಡಿದ ಡಾಕ್ಟರು ದೊಡ್ಡ ಕ್ಯಾನ್ಸರ್ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಅಲ್ಲಿ ಸ್ಕ್ಯಾನ್ ಆಯಿತು. ಅಲ್ಲಿನ ಡಾಕ್ಟರಮ್ಮ ಅಪ್ಪ ಅಮ್ಮ ಇಬ್ಬರನ್ನೂ ಕೂರಿಸಿಕೊಂಡು, "ಮೂಳೆಯಲ್ಲಿ ಗಡ್ಡೆ ಇದೆ. ಕ್ಯಾನ್ಸರ್ ಇರಬಹುದು. ಸೂಜಿಯಿಂದ ಒಂದು ಚೂರು ತೆಗೆದು ಪರೀಕ್ಷೆ ಮಾಡಿದ್ರೇ ಖಚಿತವಾಗಿ ಹೇಳೋಕಾಗೋದು" ಎಂದರು.

ಅಪ್ಪ ಬಸ್ ಚಾಲಕ. ಥಟ್ಟನೆ ಎದ್ದು ನಿಂತ. "ಗಡ್ಡೆಗೆ ಸೂಜಿ ಚುಚ್ಚಿದ್ರೆ ಕೆರಳುತ್ತೆ, ಮೈಯೆಲ್ಲ ಹರಡುತ್ತೆ. ಆಮೇಲೆ ಕಾಲು ಕತ್ತರಿಸ್ತೀವಿ ಅಂತೀರ. ಬೇಡ." ಮಗಳ ಕೈ ಹಿಡಿದು ಹೊರಟೇಬಿಟ್ಟ. ಟೈಲರಮ್ಮ ಫೈಲು ಎತ್ತಿಕೊಂಡು ಹಿಂದೆ ನಡೆದಳು.

ವಿಷಯ ತಿಳಿದ ನರ್ಸ್ ಸಂಜೆ ಡ್ಯೂಟಿ ಮುಗಿಸಿ ನೇರ ಇವರ ಮನೆಗೇ ಬಂದಳು.

"ನೀವೂ ಆಸ್ಪತ್ರೆಯವರೇ ಅಲ್ವಾ" ಎಂದ ಅಪ್ಪ, "ಆ ಕಡೆಯೇ ಮಾತಾಡ್ತೀರ."

"ಹೌದಣ್ಣ, ಆ ಕಡೆಯವಳೇ. ತಡವಾಗಿ ಬಂದವರನ್ನ ನೋಡಿ ನೋಡಿ ಸಾಕಾಗಿದೆ. ನಿಮ್ಮ ಬಸ್ಸಿನ ಇಂಜಿನ್ನು ಸದ್ದು ಮಾಡಿದ್ರೆ ತೆಗೆದು ನೋಡದೆ ಓಡಿಸ್ತೀರಾ?"

"ಬಸ್ಸಿಗೆ ಜೀವ ಇಲ್ಲ."

"ಮಗಳಿಗಿದೆ. ಅದಕ್ಕೇ ಬಂದೆ."

ನರ್ಸ್ ದನಿ ತಗ್ಗಿಸಿದಳು. "ಸೂಜಿಯಿಂದ ಹರಡುತ್ತೆ ಅಂತ ತುಂಬಾ ಜನ ಹೆದರ್ತಾರೆ. ಇಂಥ ಗಡ್ಡೆ ಗೊತ್ತಿರೋ ಆಸ್ಪತ್ರೆಯಲ್ಲಿ, ಆಮೇಲೆ ಆಪರೇಷನ್ ಮಾಡೋ ತಂಡವೇ ಜಾಗ ಗೊತ್ತುಮಾಡಿ ಸೂಜಿ ಹಾಕುತ್ತೆ. ಸೂಜಿ ಹೋದ ದಾರಿಯನ್ನೂ ಆಪರೇಷನ್ನಲ್ಲಿ ತೆಗೆದುಬಿಡ್ತಾರೆ. ಅದಕ್ಕೇ ಕಂಡಕಂಡಲ್ಲಿ ಇದನ್ನ ಮಾಡಿಸಬಾರದು. ಹರಡೋ ಭಯ ಇರೋದು ನಾವು ಸುಮ್ನೆ ಕೂತಾಗ. ಇದು ಹರಡಿದ್ರೆ ಹೆಚ್ಚಾಗಿ ಮೊದಲು ಹೋಗೋದು ಶ್ವಾಸಕೋಶಕ್ಕೆ."

"ಅವತ್ತು ಬಿದ್ದಿದ್ದಕ್ಕೆ ಬಂತಾ?" ಅತ್ತೆ ಕೇಳಿದಳು. "ನನ್ನ ಕೈಯಿಂದ ಬಂತಾ?"

"ಇಲ್ಲ ಅಜ್ಜಿ. ಬಿದ್ದಿದ್ದಕ್ಕೆ ಬರಲ್ಲ, ಬಿದ್ದಾಗ ನಮ್ಮ ಕಣ್ಣಿಗೆ ಬೀಳುತ್ತೆ ಅಷ್ಟೇ. ಅಂಟೋ ರೋಗ ಅಲ್ಲ, ಯಾರ ಪಾಪದ್ದೂ ಅಲ್ಲ. ಬೆಳೆಯೋ ಮಕ್ಕಳಲ್ಲಿ ಅಪರೂಪಕ್ಕೆ ಬರುತ್ತೆ, ಮೊಣಕಾಲಿನ ಹತ್ತಿರವೇ ಹೆಚ್ಚು."

"ಕಾಲು?" ಅಪ್ಪ ಕೇಳಿದ.

"ಉಳಿಸೋಕೆ ನೋಡ್ತಾರೆ. ಬಹಳ ಜನಕ್ಕೆ ಉಳಿಯುತ್ತೆ. ಮೊದಲೇ ಮಾತು ಕೊಡೋಕೆ ಮಾತ್ರ ಯಾರಿಂದಲೂ ಆಗಲ್ಲ."

ಒಳಗಿನ ಬಾಗಿಲಲ್ಲಿ ಮಿಡತೆ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

"ಕಾಲು ನನ್ನದು. ಎಲ್ಲರನ್ನೂ ಕೇಳಿದ್ರಿ. ನನ್ನನ್ನೂ ಒಂದು ಮಾತು ಕೇಳಿ ಅಪ್ಪಾ. ನಂಗೆ ನೋಯ್ತಿದೆ. ಏನಾಗಿದೆ ಅಂತ ಗೊತ್ತಾಗಬೇಕು."

ಟೈಲರಮ್ಮ ಮುಂದೆ ಬಂದು ಮಗಳ ಪಕ್ಕ ನಿಂತಳು. ಇಷ್ಟು ದಿನ ನುಂಗಿಕೊಂಡಿದ್ದ ಮಾತು ಆಗ ಹೊರಬಿತ್ತು.

"ಮೂರು ಸಲ ಹೊಲಿಗೆ ಬಿಚ್ಚಿದೆ ರೀ. ಕಾಲು ದಪ್ಪ ಆಗ್ತಿದೆ ಅಂತ ನನ್ನ ಕೈಗೆ ಗೊತ್ತಿತ್ತು. ಬಾಯಿಗೆ ಧೈರ್ಯ ಬರಲಿಲ್ಲ. ಬೆಳಿಗ್ಗೆ ನಾವಿಬ್ಬರೂ ಹೋಗ್ತೀವಿ. ನೀವೂ ಬನ್ನಿ."

ಅಪ್ಪ ರಜೆ ಹಾಕಿ ಬಂದ.

ಪರೀಕ್ಷೆಯಲ್ಲಿ ರೋಗದ ಹೆಸರು ಬಂತು: ಆಸ್ಟಿಯೋಸಾರ್ಕೋಮಾ, ಮೂಳೆಯ ಕ್ಯಾನ್ಸರ್. ಎದೆಯ ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ಟೈಲರಮ್ಮ ಆಸ್ಪತ್ರೆಯ ನಲ್ಲಿಯ ಮುಂದೆ ನಿಂತು, ನೀರು ಬಿಟ್ಟುಕೊಂಡು, ಯಾರಿಗೂ ಕೇಳದ ಹಾಗೆ ಅತ್ತಳು.

ಆಪರೇಷನ್ನಿಗೆ ಮೊದಲು ಹತ್ತು ವಾರ ಕೀಮೋ ಎಂದರು. "ಗಡ್ಡೆ ಕಣ್ಣೆದುರೇ ಇದೆ. ಮೊದಲು ಕಿತ್ತು ಬಿಸಾಡೋದು ಬಿಟ್ಟು ಇದೇನು ತಡ?" ಎಂದು ಅತ್ತೆ ಡಾಕ್ಟರಮ್ಮನನ್ನೇ ತರಾಟೆಗೆ ತೆಗೆದುಕೊಂಡಳು.

ಡಾಕ್ಟರಮ್ಮ ಸಿಟ್ಟಾಗಲಿಲ್ಲ. "ಸ್ಕ್ಯಾನಿಗೂ ಕಾಣದಷ್ಟು ಸಣ್ಣ ಕಣಗಳು ಈಗಾಗಲೇ ಮೈಯೊಳಗೆ ಎಲ್ಲಾದರೂ ಸೇರಿಕೊಂಡಿರಬಹುದಮ್ಮ. ಔಷಧಿ ಅವನ್ನ ಹುಡುಕಿ ಹೊಡೆಯುತ್ತೆ. ಗಡ್ಡೆಯೂ ಸೊರಗಿದ್ರೆ ಕಾಲು ಉಳಿಸೋದು ಸಲೀಸು."

ಆ ಹತ್ತು ವಾರ ಹೂವಿನ ಹಾಸಿಗೆಯಾಗಿರಲಿಲ್ಲ. ವಾಂತಿ, ಬಾಯಿತುಂಬ ಹುಣ್ಣು, ಉದುರಿದ ಕೂದಲು. ಒಮ್ಮೆ ಜ್ವರ ಬಂತು. ಕೀಮೋ ನಡೆಯುವಾಗ ಜ್ವರವನ್ನು ಒಂದು ಗಂಟೆಯೂ ತಾತ್ಸಾರ ಮಾಡಬಾರದು ಎಂದು ಹೇಳಿಕೊಟ್ಟಿದ್ದರು, ಉಟ್ಟ ಬಟ್ಟೆಯಲ್ಲೇ ಓಡಿದರು. "ಇನ್ನು ಸಾಕು, ಮನೆಗೆ ಹೋಗೋಣ" ಎಂದು ಮಿಡತೆ ಎರಡು ಸಲ ಹಟ ಹಿಡಿದಳು. ಎರಡು ಸಲವೂ ಅವಳನ್ನು ಕೂರಿಸಿದ್ದು ಅಪ್ಪ. "ಅರ್ಧ ದಾರೀಲಿ ಯಾರನ್ನೂ ಇಳಿಸಿದವನಲ್ಲ ನಾನು" ಎಂದ.

ಆಪರೇಷನ್ನಿನಲ್ಲಿ ಗಡ್ಡೆಯಿದ್ದ ಮೂಳೆಯನ್ನು, ಸುತ್ತಲಿನ ಸ್ವಲ್ಪ ಒಳ್ಳೆಯ ಭಾಗದ ಸಮೇತ ತೆಗೆದು ಲೋಹದ ಕೀಲು ಕೂರಿಸಿದರು. ತೆಗೆದ ಮೂಳೆಯನ್ನು ಪರೀಕ್ಷಿಸಿದಾಗ ಕ್ಯಾನ್ಸರ್ ಕಣಗಳಲ್ಲಿ ಹೆಚ್ಚಿನವು ಸತ್ತಿದ್ದವು. ಉಳಿದ ಕಣಗಳೇನಾದರೂ ಇದ್ದರೆ ಅವನ್ನೂ ಕೊಲ್ಲಲೆಂದು ಮತ್ತೆ ತಿಂಗಳುಗಟ್ಟಲೆ ಕೀಮೋ. ಜೊತೆಗೆ ನಡೆಯುವುದನ್ನು ಮೊದಲಿಂದ ಕಲಿಯುವ ಕೆಲಸ. ಆ ಮೊಣಕಾಲು ಪೂರ್ತಿ ಮಡಚುವುದಿಲ್ಲ. ಜಿಗಿಯುವ ಹಾಗಿಲ್ಲ. ಮೂರು ತಿಂಗಳಿಗೊಮ್ಮೆ ತಪಾಸಣೆ. ಪ್ರತಿ ಸಲ ಎದೆಯ ಚಿತ್ರ ಬರುವವರೆಗೆ ಮನೆಯಲ್ಲಿ ಯಾರಿಗೂ ತುತ್ತು ಇಳಿಯುವುದಿಲ್ಲ.

ಹಾಗೆ ತಪಾಸಣೆಗೆ ಹೋದ ಒಂದು ದಿನ, ಕಾರಿಡಾರಿನ ಬೆಂಚಿನಿಂದ ಒಬ್ಬ ಮೀನಿನ ವ್ಯಾಪಾರಿ ಎದ್ದ. ಪಕ್ಕದಲ್ಲಿ ಕುಂಟುವ ಮಗ. ಕೈಯಲ್ಲಿ ಸೂಜಿ ಪರೀಕ್ಷೆಯ ಚೀಟಿ, ಮಡಚಿ ಮುದ್ದೆ ಮಾಡಿದ್ದ.

"ಎಲ್ಲಿಗಣ್ಣಾ?" ಟೈಲರಮ್ಮ ಅಡ್ಡ ನಿಂತಳು.

"ಮನೆಗೆ. ಚುಚ್ಚಿ ಕೆರಳಿಸಿ ಆಮೇಲೆ ಕಾಲು ತೆಗೀತಾರಂತೆ."

ಮಿಡತೆ ಊರುಗೋಲು ಬೆಂಚಿಗೆ ಒರಗಿಸಿ, ಕಾಲು ಚಾಚಿ ಕೂತು, ಉದ್ದದ ಗಾಯದ ಗುರುತು ತೋರಿಸಿದಳು.

"ನನ್ನ ಕಾಲು ಉಳೀತು. ನನ್ನ ಪಕ್ಕದ ಮಂಚದ ಹುಡುಗಿ ಕಾಲು ಉಳೀಲಿಲ್ಲ. ಆದ್ರೆ ಹುಡುಗಿ ಉಳಿದಿದಾಳೆ, ಹೋದ ವಾರ ಕೃತಕ ಕಾಲು ಹಾಕ್ಕೊಂಡು ನನಗಿಂತ ಜೋರಾಗಿ ನಡೆದಳು. ಕೂತ್ಕೊಳ್ಳಿ ಮಾವ. ಮೊದಲು ಅವನನ್ನ ಕೇಳಿ, ಎಷ್ಟು ನೋಯ್ತಿದೆ ಅಂತ."

ವ್ಯಾಪಾರಿ ಮಗನ ಮುಖ ನೋಡಿದ. ನಿಧಾನಕ್ಕೆ ಕೂತ.

ಅಕ್ಕಂದಿರೇ, ಅಣ್ಣಂದಿರೇ, ಮಕ್ಕಳ ಕಾಲುನೋವು ಸಾಮಾನ್ಯವಾಗಿ ಕ್ಯಾನ್ಸರ್ ಆಗಿರುವುದಿಲ್ಲ. ಗಾಬರಿ ಬೇಡ. ಆದರೆ ವಾರಗಳು ಕಳೆದರೂ ಬಿಡದ ನೋವು, ನಿದ್ದೆಯಿಂದ ಎಬ್ಬಿಸುವ ನೋವು, ಒಂದೇ ಕಡೆಯ ಊತ, ಕುಂಟು, ಸಣ್ಣ ಪೆಟ್ಟಿಗೇ ಮುರಿದ ಮೂಳೆ, ಇವುಗಳಲ್ಲಿ ಯಾವುದು ಕಂಡರೂ ತಿಕ್ಕಬೇಡಿ, ಕಟ್ಟಬೇಡಿ, ಕಾಯಬೇಡಿ. ಡಾಕ್ಟರಿಗೆ ತೋರಿಸಿ, ಎಕ್ಸ್‌ರೇ ತೆಗೆಸಿ. ಗಡ್ಡೆ ಎಂದರೆ ದೊಡ್ಡ ಆಸ್ಪತ್ರೆಗೆ ಹೋಗಿ, ಶುರು ಮಾಡಿದ ಚಿಕಿತ್ಸೆಯನ್ನು ನಡುವೆ ಬಿಡಬೇಡಿ. ಬೇಗ ಹಿಡಿದರೆ ಗುಣವಾಗುವ ಮಕ್ಕಳೇ ಹೆಚ್ಚು.

ಇದನ್ನು ಓದಿ ಮುಗಿಸಿದ ಮೇಲೆ ನಿಮ್ಮ ಮಗುವನ್ನು ಹತ್ತಿರ ಕರೆಯಿರಿ. ಎಲ್ಲಾದರೂ ನೋಯುತ್ತಿದೆಯಾ ಎಂದು ಕೇಳಿ. ಹೇಳಿದ್ದನ್ನು ನಂಬಿ.