‘ಸ್ಟಾಪ್’ ಎಂಬ ಹೆಸರು

ಅದಿರಿನ ಲಾರಿಗಳು ಸಾಲುಗಟ್ಟಿ ಓಡುತ್ತಿದ್ದ 2009ರಲ್ಲಿ ಫರ್ಹತ್ ಬಳ್ಳಾರಿಯ ಕೌಲ್ ಬಜಾರಿನ ಸಣ್ಣ ವೆಬ್‌ಸೈಟ್ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದಳು. ಲಾರಿ ಮಾಲೀಕರ ಸಂಘವೊಂದಕ್ಕೆ ಅವಳೇ ವೆಬ್‌ಸೈಟ್ ಮಾಡಿಕೊಟ್ಟಿದ್ದಳು. ಯಾವ ಲಾರಿ ಎಲ್ಲಿದೆ ಎಂದು ಡ್ರೈವರುಗಳ ಮನೆಯವರು ಅದರಲ್ಲಿ ನೋಡಬಹುದಿತ್ತು. ಓಡುತ್ತಿರುವ ಲಾರಿಗೆ ಹಸಿರು ಗುರುತು, ಅದಿರು ಇಳಿಸಲು ಬಂದರಿನಲ್ಲಿ ಸರದಿಗೆ ನಿಂತದ್ದಕ್ಕೆ ಹಳದಿ.

ಒಂದು ಬೆಳಿಗ್ಗೆ ಸಂಘದವರು ಕೇಳಿದರೆಂದು ಅಪಘಾತದ ಸೂಚನೆಗಳಿಗೂ ಒಂದು ವಿಭಾಗ ಸೇರಿಸಿದಳು. ಕೆಂಪು ಬಣ್ಣ, ಪಕ್ಕದಲ್ಲಿ ಮಗುಚಿದ ಲಾರಿಯ ಚಿತ್ರ. ಪುಟದ ಬಣ್ಣ, ರೂಪಗಳನ್ನು ಹೆಸರು ಹಿಡಿದು ಬರೆಯುವ ಸಿಎಸ್ಎಸ್‌ನಲ್ಲಿ ಅದಕ್ಕೆ ‘ಸ್ಟಾಪ್’ ಎಂದು ಹೆಸರಿಟ್ಟಳು.

ಹನ್ನೊಂದಕ್ಕೆ ಫೋನ್ ಬಂತು.

“ಕುರುಗೋಡಿಂದ ಮಾಸುಮಾಬಿ ಮಾತಾಡಾಕತ್ತೀನಿ. ಸೈಬರ್‌ನ್ಯಾಗ ನೋಡಿದ್ರ ನಮ್ಮ ಮನಿಯವ್ರ ಲಾರಿ ಬಿದ್ದಂಗ ತೋರಸ್ತೈತಿ. ಇಮಾಮಹುಸೇನ್ ಅಂತ ಹೆಸರು. ಅವ್ರ ಮೊಬೈಲೂ ಹತ್ತವಲ್ದು. ಜೀವ ಐತೇನವ್ವಾ?”

ಫರ್ಹತ್ ಪುಟ ತೆರೆದಳು. ಒಂದಲ್ಲ, ಹದಿನಾಲ್ಕು ಲಾರಿ ಮಗುಚಿದ್ದವು! ಎಲ್ಲವೂ ಸರದಿಗೆ ನಿಂತ ಲಾರಿಗಳೇ. ತಿಂಗಳುಗಳ ಹಿಂದೆ ಆ ಹಳದಿ ಗುರುತಿಗೂ ತಾನು ‘ಸ್ಟಾಪ್’ ಎಂದೇ ಹೆಸರಿಟ್ಟದ್ದು ಆಗ ನೆನಪಾಯಿತು. ಹೆಸರು ಒಂದೇ ಆದದ್ದರಿಂದ ಹೊಸ ಕೆಂಪು ಹಳೆಯ ಹಳದಿಯನ್ನು ನುಂಗಿತ್ತು.

“ಖಾಲಾ, ಆ ಚಿತ್ರ ಸುಳ್ಳು. ತಪ್ಪು ನಂದು. ಅವ್ರ ಲಾರಿ ಸರದಿಗೆ ನಿಂತೈತಿ.”

“ಕಣ್ಣಾರೆ ನೋಡೀನವ್ವಾ. ಸುಮ್ನ ಸಮಾಧಾನ ಹೇಳಬ್ಯಾಡ.”

ಇದು ಬರೀ ಮಾತಿನಿಂದ ತೀರುವಂಥದ್ದಲ್ಲ. ಫರ್ಹತ್ ಸೈಬರಿನ ನಂಬರು ಕೇಳಿಕೊಂಡು, ಬಂದರಿನಲ್ಲಿ ಲಾರಿ ನಂಬರು ಬರೆದುಕೊಳ್ಳುವ ದುರುಗಪ್ಪನಿಗೆ ಫೋನ್ ಹಚ್ಚಿದಳು. ಇಮಾಮಹುಸೇನನನ್ನು ಹುಡುಕಿ ಸೈಬರಿನ ನಂಬರಿಗೆ ಮಾತಾಡಿಸಲು ಅವನು ಮೊಬೈಲ್ ಹಿಡಿದು ಸಾಲಿನುದ್ದಕ್ಕೂ ನಡೆದ. ಅಷ್ಟರಲ್ಲಿ ಅವಳು ಕೆಂಪು ಗುರುತನ್ನು ಕಿತ್ತುಹಾಕಿ ಗಡಿಯಾರ ನೋಡುತ್ತ ಕುಳಿತಳು. ಇಪ್ಪತ್ತು ನಿಮಿಷದ ಮೇಲೆ ಮಾಸುಮಾಬಿಯೇ ಫೋನ್ ಮಾಡಿದಳು.

“ಮಾತಾಡಿದ್ರವ್ವಾ! ಚಾರ್ಜ್ ಇಲ್ದ ಮೊಬೈಲ್ ಬಂದ್ ಆಗಿತ್ತಂತ. ಲಾರ್ಯಾಗ ಕಾಲು ಚಾಚಿ ಮಲಗಿದ್ರಂತ!” ಅವಳು ಅಳುತ್ತಲೇ ನಗುತ್ತಿದ್ದಳು. ಫರ್ಹತ್‌ಳಿಗೂ ಕಣ್ಣು ತುಂಬಿತು. “ಮಾಫ್ ಮಾಡ್ರಿ ಖಾಲಾ” ಎಂದಳು.

“ಅದಕ್ಕ ಬ್ಯಾರೆ ಹೆಸರಿಡು, ಮುಗೀತು” ಎಂದರು ಕಚೇರಿಯ ಮಾಲೀಕ ಸತ್ಯಾತ್ಮ.

“ಇವತ್ತಿಗೆ ಮುಗೀತೈತಿ ಸರ್. ನಾಳೆ ಇನ್ನೊಂದು ಹೆಸರು ಡಿಕ್ಕಿ ಹೊಡೀತೈತಿ. ಎಲ್ಲಾ ಹೆಸರು ನೆನಪಿಡಾಕ ನನ್ನ ಕೈಲಿ ಆಗಂಗಿಲ್ರಿ. ಮೂರು ದಿನ ಕೊಡ್ರಿ.”

ಆ ಮೂರು ದಿನಗಳಲ್ಲಿ ಅವಳು ಹೆಸರು ಕಟ್ಟಿಕೊಡುವ ಪುಟ್ಟ ಲೈಬ್ರರಿಯೊಂದನ್ನು, ಅಂದರೆ ಯಾವ ವೆಬ್‌ಸೈಟಿಗೂ ಮತ್ತೆ ಮತ್ತೆ ಬಳಸಬಹುದಾದ ಕೋಡನ್ನು, ಬರೆದಳು. ಪುಟದ ಯಾವ ಭಾಗ, ಅದರೊಳಗಿನ ಯಾವ ತುಣುಕು, ಅದು ಯಾವ ಸ್ಥಿತಿಯಲ್ಲಿದೆ ಎಂದು ಹೇಳಿದರೆ ಅದು ಆ ಮೂರನ್ನೂ ಜೋಡಿಸಿ ಹೆಸರು ಕೊಡುತ್ತಿತ್ತು. ನಿಂತ ಲಾರಿಯದು ‘ಲಾರಿ-ಗುರುತು-ಸ್ಟಾಪ್’ ಆಯಿತು, ಅಪಘಾತದ್ದು ‘ಸೂಚನೆ-ಗುರುತು-ಸ್ಟಾಪ್’. ಒಂದೇ ಹೆಸರಿನಲ್ಲಿ ಎರಡು ಭಾಗ ಮಾಡಹೋದರೆ ಅದು ಒಪ್ಪದೆ ಅಲ್ಲೇ ತಡೆಯುತ್ತಿತ್ತು.

ನಾಲ್ಕನೆಯ ದಿನ ಫರ್ಹತ್ ಪರೀಕ್ಷೆಗೆಂದೇ ಅಪಘಾತದ ಗುರುತನ್ನು ನೇರಳೆ ಮಾಡಿದಳು. ಪಕ್ಕದ ಕಂಪ್ಯೂಟರಿನಲ್ಲಿ ಜೊತೆಗಾತಿ ಶ್ರೀಕೃತಿ ಒಂದೊಂದೇ ಪುಟ ತೆರೆದಳು.

“ಲಾರಿ ಪಟ್ಟಿ?”

“ಹಳದೀನ ಐತಿ.”

“ಸೂಚನೆ?”

“ಅದೊಂದೇ ನೇರಳೆ ಆಗೈತಿ. ಉಳಿದದ್ದೆಲ್ಲಾ ಇದ್ದಂಗ ಐತಿ. ಉಸಿರು ಬಿಡವ್ವಾ ಇನ್ನ!”

ಮರುವಾರ ಸಿರುಗುಪ್ಪದ ಅಕ್ಕಿ ಗಿರಣಿಯೊಂದಕ್ಕೆ ಶ್ರೀಕೃತಿ ಹೊಸ ಪುಟ ಮಾಡಿದಳು. ಹೆಸರುಗಳನ್ನು ಲೈಬ್ರರಿಯೇ ಕಟ್ಟಿಕೊಟ್ಟಿತು; ಯಾವ ಹೆಸರಿಡಲಿ ಎಂದು ಅವಳು ಒಮ್ಮೆಯೂ ಕೇಳಲಿಲ್ಲ. ಅದು ಇಂಟರ್‌ನೆಟ್‌ಗೆ ಏರಿದ ಹೊತ್ತಿನಲ್ಲಿ ಬೇರೆ ಪುಟಗಳೇನಾದರೂ ಕೆಟ್ಟವೇ ಎಂದು ಫರ್ಹತ್ ತೆರೆದು ನೋಡಲೂ ಇಲ್ಲ. ಡಬ್ಬಿ ಬಿಚ್ಚಿ, ನಿರಾಳವಾಗಿ ಊಟಕ್ಕೆ ಕುಳಿತಳು.