ಮೇಕೆ ಹೊತ್ತು ಓಡುತ್ತಿದ್ದವನು

ಪೊನಿಯೆಮ್ ಅಜ್ಜಿಯ ಚಹಾದಂಗಡಿಯಲ್ಲಿ ಒಲೆಯಾದರೂ ಆರಬಹುದಿತ್ತು, ಟಿವಿ ಆರುತ್ತಿರಲಿಲ್ಲ. ಬೆಟ್ಟದ ಮೇಲಿನ ಆ ಊರಿನಲ್ಲಿ ಬೆಳಗ್ಗೆ ಬಾಯಿ ತೆರೆದರೆ ಹಬೆ ಬರುವಷ್ಟು ಚಳಿ. ಆಲೂಗಡ್ಡೆ ಹೊಲಕ್ಕೆ ಹೋಗುವವರು ಲುಂಗಿಯನ್ನೇ ಹೆಗಲ ತುಂಬ ಹೊದ್ದು ಬಂದು, ಹುದುಗಿಸಿದ ಸೋಯಾ ಕಾಳಿನ ಬಿಸಿಬಿಸಿ ತೆಂಪೆ ಬಜ್ಜಿ ಕಚ್ಚುತ್ತ ಲೋಕದ ಕಷ್ಟವನ್ನೆಲ್ಲ ನೋಡಿ, ಲೊಚಗುಟ್ಟಿ, ಹೊಟ್ಟೆ ತುಂಬಿಸಿಕೊಂಡು ಎದ್ದು ಹೋಗುತ್ತಿದ್ದರು. ಅಜ್ಜಿಯೂ ಏನು ಕಡಿಮೆಯಿರಲಿಲ್ಲ. ಸುದ್ದಿಯಿಲ್ಲದ ಚಹಾ ಅವಳಿಗೆ ಸಪ್ಪೆ.

ಕೆಳಗೆ ಕಡಲತೀರಕ್ಕೆ ಸುನಾಮಿ ಬಂದು ಹೋದ ಮೇಲೆ ಟಿವಿಯವರ ಕೈಗೆ ಒಂದು ದೃಶ್ಯ ಸಿಕ್ಕಿಬಿಟ್ಟಿತ್ತು. ಪಟ್ಟೆ ಅಂಗಿಯವನೊಬ್ಬ ಎಡಗಿವಿ ಮಾತ್ರ ಬಿಳಿಯಿರುವ ಮೇಕೆಯೊಂದನ್ನು ಹೆಗಲ ಮೇಲೆ ಹೊತ್ತು ಓಡಿ ಬರುತ್ತಾನೆ. ಹಿಂದೆ ಕಂದು ನೀರು, ಎದುರಿಗೆ ಮಸೀದಿಯ ಮೆಟ್ಟಿಲು. ಇನ್ನೇನು ಮೆಟ್ಟಿಲ ಮೇಲೆ ಕಾಲಿಡಬೇಕು, ಅಷ್ಟರಲ್ಲಿ ದೃಶ್ಯ ಕಡಿದು, ಕೋಟು ತೊಟ್ಟ ಹೆಂಗಸೊಬ್ಬಳು ಬಂದು ಮಾತಾಡತೊಡಗುತ್ತಾಳೆ. ಬೆಳಗ್ಗೆ, ಮಧ್ಯಾಹ್ನ, ಸಂಜೆ ಇದೇ ಕತೆ.

ಆರು ವರ್ಷದ ಮೊಮ್ಮಗಳು ವೆನಿಂಗ್ ಟಿವಿಯ ಮುಂದೆ ಮಣೆ ಹಾಕಿಕೊಂಡು ಕೂತಾಗ ಅಜ್ಜಿಗೆ ಮೊದಮೊದಲು ಖುಷಿಯೇ ಆಗಿತ್ತು. ಒಂದು ಕಡೆ ಕಾಲು ನಿಲ್ಲದ ಹುಡುಗಿ ಕಡೆಗೂ ಕೂತಳಲ್ಲ ಎಂದು. ಆಮೇಲೆ ನೋಡಿದರೆ ಬಾಯಿಗಿಟ್ಟ ತುತ್ತು ಬಾಯಲ್ಲೇ ಉಳಿಯುತ್ತಿತ್ತು. ಶಾಲೆಗೆ ಹೊರಡಿಸಿದರೆ ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಿದ್ದಳು.

"ಏನಾಯ್ತೇ ನಿಂಗೆ?" ಅಜ್ಜಿ ಕೇಳಿದಳು.

"ಆ ಮಾಮ ಇವತ್ತೂ ಓಡ್ತಿದಾರೆ ಅಜ್ಜಿ. ದಿನಾ ಓಡಿ ಓಡಿ ಅವರಿಗೆ ಕಾಲು ನೋಯಲ್ವಾ?"

"ಅಯ್ಯೋ ಪೆದ್ದಿ, ನೀರು ಬಂದಿದ್ದು ಯಾವತ್ತೋ. ಅದನ್ನೇ ತಿರುಗಿಸಿ ತಿರುಗಿಸಿ ತೋರಿಸ್ತಾರೆ."

"ಹಾಗಾದ್ರೆ ಅವರು ಮೆಟ್ಟಿಲು ಹತ್ತಿದ್ರಾ?"

"ಹತ್ತೇ ಇರ್ತಾರೆ."

"ನೀನು ನೋಡಿದ್ಯಾ?"

ಅಜ್ಜಿ ನಿನ್ನೆಯ ಬಜ್ಜಿಯನ್ನು ಇವತ್ತಿನದೆಂದು ಕಣ್ಣು ಮಿಟುಕಿಸದೆ ಮಾರಿದವಳು. ಆದರೆ ಆ ಎರಡು ಕಣ್ಣುಗಳ ಎದುರು ಅವಳ ಬಾಯಿಗೆ ಸುಳ್ಳು ಬರಲಿಲ್ಲ. ನಿಜವಾಗಿಯೂ ಅವಳು ನೋಡಿರಲಿಲ್ಲ. ಅಷ್ಟು ಸಲ ಅಯ್ಯೋ ಪಾಪ ಎಂದಿದ್ದವಳು, ಆ ಮನುಷ್ಯ ಬದುಕಿದನೋ ಇಲ್ಲವೋ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

"ನಾನು ನೋಡ್ತಾ ಇದ್ರೆ ಅವರು ಬೀಳಲ್ಲ," ಎಂದಳು ವೆನಿಂಗ್. "ಅದಕ್ಕೇ ನಾನು ಶಾಲೆಗೆ ಹೋಗಲ್ಲ."

ಅಜ್ಜಿ ನೆಟ್ಟಗೆ ಹೋಗಿ, ಸ್ಟೂಲು ಹತ್ತಿ ಟಿವಿ ಆರಿಸಿದಳು. ತಗೋ, ಹುಡುಗಿ ಊರೇ ಕೇಳುವಂತೆ ಕಿರುಚಿದಳು: "ಅವರನ್ನ ರಸ್ತೆ ಮಧ್ಯದಲ್ಲೇ ಬಿಟ್ಬಿಟ್ಯಲ್ಲಜ್ಜಿ! ಹಾಕು! ಹಾಕು!"

ಅಜ್ಜಿ ಗಾಬರಿಯಿಂದ ಮತ್ತೆ ಹಾಕಿದಳು. ಬೆಂಚಿನ ಮೇಲಿದ್ದ ಸರ್ದಿ ಎಂಬ ಆಲೂಗಡ್ಡೆ ವ್ಯಾಪಾರಿ ಸಮಾಧಾನದ ಉಸಿರು ಬಿಟ್ಟ.

"ಒಳ್ಳೇದಾಯ್ತು ಬಿಡಕ್ಕ. ಸುದ್ದಿ ಅರ್ಧಕ್ಕೇ ನಿಂತಿತ್ತು."

"ನೀನು ಬಜ್ಜಿ ತಿನ್ನೋಕೆ ಬಂದ್ಯೋ, ಊರು ಮುಳುಗೋದು ನೋಡೋಕೆ ಬಂದ್ಯೋ?"

"ಎರಡಕ್ಕೂ."

ಹಾಕಿದರೂ ಕಷ್ಟ, ಆರಿಸಿದರೂ ಕಷ್ಟ. ಉಳಿದದ್ದು ಒಂದೇ ದಾರಿ, ಆ ಮನುಷ್ಯನನ್ನು ಹುಡುಕಿಸುವುದು. ಅಜ್ಜಿಯ ಮಗ, ವೆನಿಂಗ್‌ಳ ಅಪ್ಪ ತುಗಿಮಾನ್, ಕಡಲತೀರಕ್ಕೆ ಲಾರಿಯಲ್ಲಿ ಆಲೂಗಡ್ಡೆ ಒಯ್ಯುತ್ತಿದ್ದ. ಅಜ್ಜಿ ಅವನಿಗೆ ಫೋನು ಹಚ್ಚಿದಳು.

"ಮೇಕೆ ಹೊತ್ತವನಾ? ಅಮ್ಮಾ, ಕಡಲತೀರ ಏನು ನಿನ್ನ ಅಡುಗೆಮನೆ ಅಂದ್ಕೊಂಡ್ಯಾ? ಎಲ್ಲಿ ಅಂತ ಹುಡುಕ್ಲಿ?"

"ಲಾರಿಯವರಿಗೆ ಗೊತ್ತಿಲ್ಲದ ಊರಿದ್ಯೇನೋ? ಎಲ್ಲರಿಗೂ ಹೇಳು." ಆಮೇಲೆ ದನಿ ತಗ್ಗಿಸಿದಳು. "ಏನೇ ಸುದ್ದಿ ಬಂದ್ರೂ ಮೊದಲು ನಂಗೆ ಹೇಳಪ್ಪ. ಮಗು ಹತ್ರ ಬೇಡ."

ತುಗಿಮಾನ್ ಲಾರಿ ಚಾಲಕರ ವಾಟ್ಸಾಪ್ ಗುಂಪಿಗೆ ವಿಷಯ ಹಾಕಿದ್ದೇ ತಡ, ತೀರದುದ್ದಕ್ಕೂ ಎಲ್ಲರಿಗೂ ಇದೇ ಕೆಲಸವಾಯಿತು. ಬಂದ ಫೋಟೋಗಳನ್ನು ಅವನು ಅಮ್ಮನಿಗೆ ಕಳಿಸುತ್ತಿದ್ದ, ಅಜ್ಜಿ ಮೊಮ್ಮಗಳಿಗೆ ತೋರಿಸುತ್ತಿದ್ದಳು. ಮೊದಲನೆಯದಕ್ಕೇ ವೆನಿಂಗ್ ಮುಖ ಸಿಂಡರಿಸಿ, "ಅಜ್ಜಿ, ಇದು ಕುರಿ," ಎಂದಳು. ಇನ್ನೊಂದರಲ್ಲಿ ಮೇಕೆ ಸರಿಯಿತ್ತು, ಮನುಷ್ಯ ತೀರಾ ದಪ್ಪ. ಮತ್ತೊಬ್ಬ ಪುಣ್ಯಾತ್ಮ ತಾನೇ ಪಟ್ಟೆ ಅಂಗಿ ಹಾಕಿಕೊಂಡು, ಯಾರದೋ ಮೇಕೆಯನ್ನು ಹೆಗಲಿಗೇರಿಸಿ ಫೋಟೋ ಕಳಿಸಿದ್ದ. ಮೇಕೆ ಅವನ ಟೋಪಿ ತಿನ್ನುತ್ತಿತ್ತು. ವೆನಿಂಗ್ ಕಿಸಕ್ಕೆಂದು ನಕ್ಕಳು. ಎಷ್ಟೋ ದಿನದ ಮೇಲೆ ಆ ನಗು ಕೇಳಿ ಅಜ್ಜಿ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಸರ್ದಿಗಂತೂ ಸುದ್ದಿಯೇ ಮರೆತುಹೋಗಿ, "ಎಡಗಿವಿ ಬಿಳಿ ಇರ್ಬೇಕು ಕಣ್ರೋ, ಎಡಗಿವಿ!" ಎಂದು ಫೋನಿನೊಳಕ್ಕೆ ಕೂಗುತ್ತಿದ್ದ.

ಆದರೂ ಫೋನು ಸದ್ದು ಮಾಡಿದಾಗಲೆಲ್ಲ ಅಜ್ಜಿ ಮೊದಲು ಮೊಮ್ಮಗಳಿಗೆ ಬೆನ್ನು ತಿರುಗಿಸಿ ತಾನೇ ನೋಡುತ್ತಿದ್ದಳು. ಅವನು ಸಿಗದಿದ್ದರೆ ಹೇಗೋ ಸಂಭಾಳಿಸಬಹುದು. ಮೆಟ್ಟಿಲು ಮುಟ್ಟಲೇ ಇಲ್ಲ ಎಂದು ಗೊತ್ತಾದರೆ ಈ ಕೂಸಿಗೆ ಏನೆಂದು ಹೇಳುವುದು?

ಒಂದು ಮಧ್ಯಾಹ್ನ ಬಾಣಲೆಯಲ್ಲಿ ಎಣ್ಣೆ ಕಾದಿದ್ದ ಹೊತ್ತಿಗೆ ತುಗಿಮಾನನ ವಿಡಿಯೋ ಕರೆ ಬಂತು. ಅಜ್ಜಿ ಹಿಟ್ಟಿನ ಕೈಯಲ್ಲೇ ಎತ್ತಿಕೊಂಡು ಒಲೆಯ ಹಿಂದೆ ಸರಿದಳು.

"ಅಮ್ಮ, ಮಗೂನ ಕರಿ."

"ಮೊದಲು ನಂಗೆ ಹೇಳೋ!"

"ಕರಿ ಅಂದ್ನಲ್ಲ!"

ಅವನ ಹಿಂದಿನಿಂದ ಯಾವುದೋ ಮೇಕೆ "ಮ್ಯಾ" ಎಂದಿತು. ಅಜ್ಜಿಗೆ ಅಷ್ಟೇ ಸಾಕಾಯಿತು. "ವೆನಿಂಗ್!" ಎಂದು ಕೂಗಿದ ರಭಸಕ್ಕೆ ಸರ್ದಿಯ ಚಹಾ ಚೆಲ್ಲಿತು.

ಪರದೆಯ ಮೇಲೆ ತೆಳ್ಳಗಿನ ಮನುಷ್ಯನೊಬ್ಬ ಸಂಕೋಚದಿಂದ ನಿಂತಿದ್ದ. ಹೆಸರು ರಸ್ಮಾನ್. ವೆನಿಂಗ್ ಅವನನ್ನು ತುಂಬ ಹೊತ್ತು ಪರೀಕ್ಷಿಸಿದಳು.

"ಅಂಗಿ ಬೇರೆ ಇದೆ."

"ಆ ಅಂಗಿ ಒಗೆಯೋಕೆ ಹಾಕಿದೀನಿ ಪುಟ್ಟಿ. ಇಗೋ, ಮೇಕೆ ನೋಡು." ಬಿಳಿ ಎಡಗಿವಿ ಪರದೆಯ ತುಂಬ ಕಂಡಿತು.

"ತಲುಪಿದ್ರಾ ಮಾಮ?"

"ತಲುಪಿದೆ. ಮೇಲಿನ ಮೆಟ್ಟಿಲ ತನಕ ಹತ್ತಿ ಕೂತೆ. ಇದು ನನ್ನ ಮೈಮೇಲೆಲ್ಲ ಹಿಕ್ಕೆ ಹಾಕ್ತು. ಅದನ್ನ ಮಾತ್ರ ಟಿವಿಯವರು ತೋರಿಸ್ಲಿಲ್ಲ."

ಅಂಗಡಿ ತುಂಬ ನಗು. ವೆನಿಂಗ್ ನಗಲಿಲ್ಲ. "ನಿನ್ನೆ?"

"ನಿನ್ನೆ ಎಲ್ಲೂ ಓಡಿಲ್ಲಮ್ಮ. ನಾನು ಓಡಿದ್ದು ಒಂದೇ ಸಲ."

"ಹಾಗಾದ್ರೆ ಕೂತ್ಕೊಳ್ಳಿ."

ರಸ್ಮಾನ್ ಕೂತ. ಅವನು ಪೂರ್ತಿ ಕೂತದ್ದನ್ನು ನೋಡಿದ ಮೇಲೆ ಹುಡುಗಿಯ ಭುಜಗಳು ಇಳಿದವು. ರಸ್ಮಾನ್ ಮೇಕೆಯ ಕಿವಿ ಸವರುತ್ತ, "ನನ್ನ ಮಗಳೂ ನಿನ್ನಷ್ಟೇ ಇದಾಳೆ," ಎಂದ. "ನಾವಿರೋ ಈ ಪರಿಹಾರ ಶಿಬಿರದಲ್ಲೂ ಒಂದು ಟಿವಿ ಇದೆ. ಅದರಲ್ಲಿ ನಾನು ಬಂದಾಗೆಲ್ಲ, ನನ್ನ ತೊಡೆ ಮೇಲೇ ಕೂತ್ಕೊಂಡು 'ಓಡಪ್ಪಾ' ಅಂತ ಅಳ್ತಾಳೆ."

ಸರ್ದಿ ತನ್ನ ಲೋಟದೊಳಗೆ ನೋಡತೊಡಗಿದ.

"ಅವಳನ್ನ ಕರೀರಿ," ಎಂದಳು ವೆನಿಂಗ್. ಕೆದರಿದ ಕೂದಲಿನ ಒಂದು ಪುಟ್ಟ ಮುಖ ಪರದೆಗೆ ಬಂತು.

"ಏಯ್, ನಾನೂ ನೋಡ್ದೆ ಕಣೇ. ನಿಮ್ಮಪ್ಪ ತಲುಪಿ ಆಯ್ತು. ಟಿವಿಯವ್ರಿಗೆ ಇನ್ನೂ ಗೊತ್ತಾಗಿಲ್ಲ, ಅಷ್ಟೆ. ನಿನ್ನ ಮೇಕೆ ಹೆಸರೇನು?"

ಆ ಕಡೆಯಿಂದ ಏನೋ ಸಣ್ಣ ದನಿ ಬಂತು. ಗೋಡೆಯ ಮೇಲಿನ ಟಿವಿಯಲ್ಲಿ ಸರಿಯಾಗಿ ಅದೇ ಹೊತ್ತಿಗೆ ಕಂದು ನೀರು ನುಗ್ಗಿತು, ಪಟ್ಟೆ ಅಂಗಿ ಓಡಿ ಬಂತು. ಎಲ್ಲರೂ ವೆನಿಂಗ್‌ಳತ್ತ ನೋಡಿದರು. ಅಜ್ಜಿ ಸ್ಟೂಲು ಹತ್ತಿ, ಗುಂಡಿಯ ಮೇಲೆ ಬೆರಳಿಟ್ಟು, ಹೆದರುತ್ತಲೇ ಕೇಳಿದಳು, "ವೆನಿಂಗ್... ಆರಿಸ್ಲಾ?"

ವೆನಿಂಗ್ ತಲೆಯೆತ್ತಲೂ ಇಲ್ಲ.

"ಬೇಗ ಆರ್ಸಜ್ಜಿ, ಇವಳು ಹೇಳೋದು ಕೇಳಿಸ್ತಿಲ್ಲ!"