ಅರ್ಧ ಕಾವು

ಬೆಳಿಗ್ಗೆ ಏಳಕ್ಕೆಲ್ಲ ಅಕ್ಕನ ಫೋನು. "ಬೇಗ ಬಾರೇ, ಮೊಟ್ಟೆ ತಣ್ಣಗಾಗ್ತಿವೆ!" ತಂಗಿ ಕರೆಂಟು ಅಳೆಯುವ ಮೀಟರಿನ ಚೀಲ ಹೆಗಲಿಗೆ ಹಾಕಿಕೊಂಡು ಎದ್ದೆನೋ ಬಿದ್ದೆನೋ ಎಂದು ಓಡಿದಳು.

ಅಕ್ಕನದು ಕೋಳಿಮರಿ ಮಾಡಿಸುವ ಕಸುಬು. ಹಿಂದಿನ ಕೋಣೆಯಲ್ಲಿ ಬೀರುವಿನಷ್ಟು ಎತ್ತರದ ಕಾವುಪೆಟ್ಟಿಗೆ, ಅದರ ತುಂಬ ನಾನೂರು ಮೊಟ್ಟೆ. ಅಂದಿಗೆ ಹದಿನೆಂಟನೇ ದಿನ. ಇನ್ನು ಮೂರು ದಿನ ಕಳೆದರೆ ಮರಿ. ಮೂವತ್ತೇಳೂವರೆ ಡಿಗ್ರಿ ಇರಬೇಕಾದ ಕಾವು ಮೂವತ್ತೈದಕ್ಕೆ ಇಳಿದು, ಇನ್ನೂ ಇಳಿಯುತ್ತಲೇ ಇತ್ತು.

"ಹೀಟರಿನ ದೀಪ ಉರೀತಾನೇ ಇದೆ, ಬಿಸಿ ಮಾತ್ರ ಏರ್ತಿಲ್ಲ. ಮೆಷಿನ್ ಕಥೆ ಮುಗೀತು ಬಿಡಮ್ಮ" ಎಂದರು ಭಾವ. "ಹೊಸದು ಬರೋಕೆ ವಾರ ಬೇಕಂತೆ."

ತಂಗಿ ಕಾಲೇಜಿನ ಭೌತಶಾಸ್ತ್ರದ ಲ್ಯಾಬಿನಲ್ಲಿ ಸಹಾಯಕಿ. ಇಪ್ಪತ್ತು ವರ್ಷ ವಿದ್ಯಾರ್ಥಿಗಳಿಗೆ ವೈರು ಜೋಡಿಸಿಕೊಟ್ಟವಳು, ಲೆಕ್ಕ ಮೇಷ್ಟ್ರದು. ಅವರು ಬೋರ್ಡಿನ ಮೇಲೆ ಬರೆದದ್ದನ್ನು ಗೋಡೆಗೆ ಒರಗಿ ನಿಂತು ನೋಡಿ ನೋಡಿ ಕಲಿತಿದ್ದಳು. ಅವಳ ಲೆಕ್ಕವನ್ನು ನಂಬಿ ಇಂದಿನವರೆಗೆ ಯಾರೂ ಏನೂ ಮಾಡಿರಲಿಲ್ಲ.

ಪೆಟ್ಟಿಗೆಯ ತಗಡಿನ ಮೇಲೆ ಹೀಟರು ಸಾವಿರದ ಐವತ್ತು ವಾಟ್ ಎಂದಿತ್ತು. ಅವಳು ಅಳೆದಳು: ವೋಲ್ಟೇಜ್ ಇನ್ನೂರ ಮೂವತ್ತು, ಹೀಟರಿಗೆ ಹೋಗುತ್ತಿದ್ದ ಕರೆಂಟು ಎರಡು ಪಾಯಿಂಟ್ ಮೂರು ಆಂಪಿಯರ್. ಮೊಟ್ಟೆ ತಟ್ಟೆಯ ರಟ್ಟಿನ ಮೇಲೆ ಗುಣಿಸಿದರೆ ಐನೂರ ಇಪ್ಪತ್ತೊಂಬತ್ತು ವಾಟ್. ಹೆಚ್ಚುಕಡಿಮೆ ಅರ್ಧ! ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೋಧ, ಅಂದರೆ ಕರೆಂಟಿಗಿರುವ ತಡೆ, ನೂರು ಓಂ. ನಂಬಿಕೆ ಸಾಲದೆ ಇನ್ನೊಮ್ಮೆ ಮಾಡಿದಳು. ಅದೇ ಬಂತು.

"ಭಾವ, ಇದು ಸತ್ತಿಲ್ಲ. ಒಳಗೆ ಬಿಸಿ ಮಾಡೋ ಕಾಯಿಲ್ ಎರಡು ಇರ್ಬೇಕು. ಎರಡೂ ಕರೆಂಟು ಹಂಚ್ಕೊಂಡು ಕೆಲಸ ಮಾಡಿದ್ರೆ ತಡೆ ಅರ್ಧ ಆಗಿ ಐವತ್ತು ಓಂ ಬರ್ಬೇಕು, ನೂರು ಬರ್ತಿದೆ. ಅಂದ್ರೆ ಒಂದೇ ದುಡೀತಿದೆ, ಇನ್ನೊಂದು ಸುಮ್ನೆ ಕೂತಿದೆ."

"ಎಲ್ಲಾ ಮನೇಲೂ ಅದೇ ಕಥೆ" ಎಂದಳು ಅಕ್ಕ, ಗಂಡನ ಕಡೆ ನೋಡದೆ.

"ಬಿಚ್ಚಬೇಕು ಅಂದ್ರೆ ಆಫ್ ಮಾಡ್ಬೇಕು, ಅಕ್ಕ."

ಅಕ್ಕ ಪ್ಲಗ್ಗಿಗೆ ಕೈ ಅಡ್ಡ ಇಟ್ಟಳು. "ಇರೋ ಅರ್ಧ ಬಿಸೀನೂ ಹೋದ್ರೆ?"

"ಹತ್ತೇ ನಿಮಿಷ ಕೊಡು." ಅಕ್ಕ ತಂಗಿಯ ಮುಖವನ್ನೇ ನೋಡಿದಳು, ಆಮೇಲೆ ತಾನೇ ಹೋಗಿ ಪ್ಲಗ್ಗು ಕಿತ್ತಳು.

ಹಿಂಬದಿಯ ತಗಡು ಬಿಚ್ಚಿದರೆ ಎರಡು ಕಾಯಿಲ್ ಅಕ್ಕಪಕ್ಕ ಕೂತಿದ್ದವು. ಒಂದಕ್ಕೆ ಬರುವ ವೈರಿನ ತುದಿ ಸ್ಕ್ರೂ ಹತ್ತಿರ ಕರಕಲಾಗಿ ಕಳಚಿಕೊಂಡಿತ್ತು. ಕಾಯಿಲೂ ಸುಟ್ಟುಹೋಗಿದ್ದರೆ? ಅದರ ಎರಡು ತುದಿಗೆ ಮೀಟರಿನ ಕಡ್ಡಿ ಮುಟ್ಟಿಸಿದಳು. ನೂರು ಓಂ. ಕಾಯಿಲ್ ಗಟ್ಟಿಯಾಗಿತ್ತು! ಸುಟ್ಟ ತುದಿ ಕತ್ತರಿಸಿ, ವೈರು ಹೆರೆದು, ಸ್ಕ್ರೂವನ್ನು ಉಜ್ಜಿ ಬಿಗಿದು ತಗಡು ಮುಚ್ಚಿದಳು.

ಪ್ಲಗ್ಗು ಹಾಕಿದಾಗ ಮೀಟರಿನಲ್ಲಿ ನಾಲ್ಕು ಪಾಯಿಂಟ್ ಆರು ಆಂಪಿಯರ್, ಮೊದಲಿನ ಎರಡರಷ್ಟು. ಮೂವರೂ ಗಾಜಿನ ಬಾಗಿಲ ಮುಂದೆ ಕೂತರು. ಕಾವು ಮೂವತ್ನಾಲ್ಕು. ಮೂವತ್ತೈದು. ಮೂವತ್ತಾರು ದಾಟುತ್ತಲೇ ಭಾವ, "ಏರ್ತಿದೆ ಕಣೇ!" ಎಂದು ಹೆಂಡತಿಯ ಬೆನ್ನಿಗೆ ಗುದ್ದೇಬಿಟ್ಟರು. ಮೂವತ್ತೇಳೂವರೆ ಮುಟ್ಟಿ ಹೀಟರಿನ ದೀಪ ತಾನಾಗಿ ಆರಿದಾಗ ತಂಗಿಯ ಎದೆಯಿಂದ ಕಲ್ಲು ಇಳಿಸಿದಂತಾಯಿತು. ಅಲ್ಲೇ ಗೋಡೆಗೆ ಒರಗಿದಳು.

ಹೊರಡುವಾಗ ಅಕ್ಕ ಬಾಗಿಲಲ್ಲಿ ತಡೆದು, "ಕೂಲರ್ ಒಂದು ತಗೋಬೇಕೂಂತಿದೀವಿ. ನಮ್ಮನೆ ವೈರು ತಡೆಯುತ್ತಾ, ಲೆಕ್ಕ ಹಾಕಿ ಹೇಳ್ತೀಯಾ?" ಎಂದಳು.